ಚಾವಣಿಗೆ ಏರಿಸಿದ ನೆಲ

ಹೆಬ್ಬೆರಳು ಮಾತ್ರ ಸ್ಪಷ್ಟವಾಗಿತ್ತು. ಉಳಿದ ನಾಲ್ಕು ಬೆರಳುಗಳ ಜಾಗದಲ್ಲಿ, ಕಾಫಿ ಚೆಲ್ಲಿ ಒರೆಸದೆ ಬಿಟ್ಟಂಥ ಕಂದು ಕಲೆ. ಹಿಮ್ಮಡಿಯ ಜಾಗದಲ್ಲಿ ಮರದ ಗಂಟು. ಬಿದಿರಿನ ಉದ್ದ ಕೋಲು ಹಿಡಿದ ಹೆಂಗಸು ಅದನ್ನು ತೋರಿಸಿ ಒಂದು ವಾಕ್ಯ ಹೇಳಿದಳು. ಕೋಲನ್ನು ಒಂದು ಗೇಣು ಆಚೆ ಸರಿಸಿ ಇನ್ನೊಂದು ವಾಕ್ಯ ಹೇಳಿದಳು. ನಾವೆಲ್ಲ ಕತ್ತೆತ್ತಿ ನೋಡುತ್ತಿದ್ದೆವು. ಪಾದದ ಗುರುತು ನಮ್ಮ ತಲೆಯ ಮೇಲಿತ್ತು, ಚಾವಣಿಯಲ್ಲಿ.

1990ರ ಏಪ್ರಿಲ್‌ನಲ್ಲಿ ಕುವೈತಿನಿಂದ ಜಪಾನಿಗೆ ಹೋಗಿ ಬಂದೆ. ವೇಗದ ರೈಲು, ಹೂ ಬಿಟ್ಟ ಮರ, ಬಾಗಿ ನಮಸ್ಕರಿಸುವ ಜನ ಇವುಗಳ ಬಗ್ಗೆ ಹೋದವರೆಲ್ಲ ಬರೆದಿದ್ದಾರೆ. ನನ್ನ ಕಣ್ಣಿಗೂ ಅವು ಹಾಗೆಯೇ ಕಂಡವು. ನಾನು ಹೇಳಬೇಕಾದದ್ದು ಆ ಚಾವಣಿ ಇರುವ ದೇವಸ್ಥಾನದ ಬಗ್ಗೆ, ಅದನ್ನು ನನ್ನ ಜೊತೆ ನೋಡಿದ ಇಬ್ಬರ ಬಗ್ಗೆ. ಇಷ್ಟು ದಿನ ಬರೆಯುವಂತಿರಲಿಲ್ಲ. ಈಗ ನಾವು ಕೆಲಸ ಮಾಡುತ್ತಿದ್ದ ಕಚೇರಿಯೇ ಇಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ನಮ್ಮ ಗೋದಾಮು ಲೂಟಿಯಾಯಿತು, ನಾವೆಲ್ಲ ಬೇರೆ ಬೇರೆ ದಾರಿಗಳಲ್ಲಿ ಊರಿಗೆ ಬಂದೆವು. ಆದ್ದರಿಂದ ಬರೆಯುತ್ತಿದ್ದೇನೆ. ದೇವಸ್ಥಾನದ ಹೆಸರು ಬೇಡ. ಜನರ ಹೆಸರುಗಳನ್ನು ಬದಲಿಸಿದ್ದೇನೆ.

ಸಬ್ಹಾನ್

ಕುವೈತಿನ ಕೈಗಾರಿಕಾ ಪ್ರದೇಶವಾದ ಸಬ್ಹಾನಿನಲ್ಲಿ ನಮ್ಮದು ಜಪಾನಿನ ನೀರೆತ್ತುವ ಪಂಪುಗಳನ್ನು ತರಿಸಿ ಮಾರುವ ಕಂಪನಿ. ತಗಡಿನ ದೊಡ್ಡ ಗೋದಾಮು, ಅದರ ಒಂದು ಮೂಲೆಯಲ್ಲಿ ಗಾಜಿನ ಕೋಣೆ, ಕೋಣೆಯೊಳಗೆ ಏಸಿ, ಟೆಲೆಕ್ಸ್ ಯಂತ್ರ ಮತ್ತು ನಾನು. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮಾಡಿ ಅಣ್ಣ ಅತ್ತಿಗೆಯ ಜೊತೆ ಫರ್ವಾನಿಯಾದಲ್ಲಿ ಇದ್ದುಕೊಂಡು ಕಾರ್ಯದರ್ಶಿಯ ಕೆಲಸಕ್ಕೆ ಹೋಗುತ್ತಿದ್ದೆ. ಎರಡು ವರ್ಷಗಳಲ್ಲಿ ನಾನು ಬಳಸಿದ ಸಂಖ್ಯಾಶಾಸ್ತ್ರವೆಂದರೆ ಪುಟಗಳಿಗೆ ಸಂಖ್ಯೆ ಹಾಕಿದ್ದು.

ಮ್ಯಾನೇಜರ್ ಜಯರಾಮ್ ಮೈಸೂರು ಕಡೆಯ ಇಂಜಿನಿಯರ್. ಕಂಪನಿಯ ಮಾಲೀಕ, ಅಂದರೆ ನಮ್ಮೆಲ್ಲರ ವೀಸಾಕ್ಕೆ ಹೊಣೆಯಾದ ಕಫೀಲ್, ವರ್ಷಕ್ಕೆರಡು ಸಲ ಬಂದು ಕಹ್ವಾ ಕುಡಿದು ಹೋಗುತ್ತಿದ್ದ. ಅವನ ಪರವಾಗಿ ಎಲ್ಲದಕ್ಕೂ ಸಹಿ ಹಾಕುವ ಅಧಿಕಾರ ಜಯರಾಮ್ ಅವರದು. ಅವರು ಅದನ್ನು ತಮ್ಮದೇ ರೀತಿಯಲ್ಲಿ ನಡೆಸುತ್ತಿದ್ದರು: ಪ್ರತಿ ಶನಿವಾರ ಹತ್ತು ಖಾಲಿ ಲೆಟರ್‌ಹೆಡ್‌ಗಳ ಕೆಳಗೆ ಸಹಿ ಹಾಕಿ, ಮೊಹರು ಒತ್ತಿ ನನ್ನ ಕೈಗೆ ಕೊಡುವುದು. ಮೇಲಿನ ಪತ್ರವನ್ನು ನಾನು ಆಮೇಲೆ ಟೈಪ್ ಮಾಡಬೇಕು. ಒಮ್ಮೆ, ಓದಿ ಸಹಿ ಹಾಕಿದರೆ ಒಳ್ಳೆಯದಲ್ಲವೇ ಎಂದು ಕೇಳಿದ್ದೆ.

"ಓದಿ ಸೈನ್ ಮಾಡೋದು ನಂಬಿಕೆ ಇಲ್ದೇ ಇರೋರ ಕೆಲಸ ಕಣಮ್ಮ," ಎಂದಿದ್ದರು. "ನನಗೆ ನನ್ನ ಸ್ಟಾಫ್ ಮೇಲೆ ಟ್ರಸ್ಟ್ ಇದೆ."

ಆ ನಂಬಿಕೆಯ ಜೊತೆಗೆ ನಮ್ಮೆಲ್ಲರ ಪಾಸ್‌ಪೋರ್ಟುಗಳನ್ನು ಅವರು ಉಕ್ಕಿನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದರು.

ವಾಸಣ್ಣ ಬಿಡಿಭಾಗಗಳ ವಿಭಾಗದವರು. ಮಲ್ಪೆಯವರು, ಐವತ್ತೆರಡು ವರ್ಷ, ಅದರಲ್ಲಿ ಇಪ್ಪತ್ತೆರಡು ಆ ಗೋದಾಮಿನಲ್ಲಿ. ಫೋನಿನಲ್ಲಿ ಪಂಪಿನ ಸದ್ದು ಕೇಳಿಸಿದರೆ ಯಾವ ಬೇರಿಂಗ್ ಹೋಗಿದೆಯೆಂದು ಹೇಳುತ್ತಿದ್ದರು. ಹರಟೆಯಲ್ಲ, ನಾನೇ ರಿಸೀವರ್ ಹಿಡಿದಿದ್ದೇನೆ. ಜಪಾನಿನ ಕಾರ್ಖಾನೆಯವರು ಮೂವರನ್ನು ಕರೆದಾಗ ಜಯರಾಮ್ ತಮ್ಮ ಜೊತೆಗೆ ವಾಸಣ್ಣನನ್ನೂ, ಪತ್ರವ್ಯವಹಾರಕ್ಕೆ ನನ್ನನ್ನೂ ಸೇರಿಸಿದರು.

ಮನೆಯಲ್ಲಿ ಅಣ್ಣ ಒಪ್ಪಲಿಲ್ಲ. ಶುಕ್ರವಾರ ವಾಸಣ್ಣ ತಾವೇ ಬಸ್ಸು ಹತ್ತಿ ಫರ್ವಾನಿಯಾಕ್ಕೆ ಬಂದರು.

"ನಾನು ಕರ್ಕೊಂಡು ಹೋಗ್ತೇನೆ, ನಾನೇ ಕರ್ಕೊಂಡು ಬಂದು ಇದೇ ಬಾಗಿಲಲ್ಲಿ ಬಿಡ್ತೇನೆ," ಎಂದರು ಅಣ್ಣನಿಗೆ. "ನಿಮ್ಮ ತಂಗಿಗೆ ಎಂತ ಹೆದರಿಕೆ ಮಾರಾಯ್ರೇ. ಇವಳನ್ನು ನೋಡಿ ಜಪಾನಿನವರು ಹೆದರದಿದ್ದರೆ ಸಾಕು."

ಅತ್ತಿಗೆ ನಕ್ಕಳು. ಅಣ್ಣ ಒಪ್ಪಿದ. ನಾನು ಜಪಾನ್ ನೋಡಿದ್ದು ವಾಸಣ್ಣನ ಮಾತಿನ ಮೇಲೆ.

ಒಸಾಕಾ

ನಮ್ಮನ್ನು ನೋಡಿಕೊಂಡ ಹಯಾಮಾ ಎಂಬವರು ಕಾರ್ಖಾನೆಯ ರಫ್ತು ವಿಭಾಗದವರು. ತೆಳ್ಳಗೆ, ನರೆತ ತಲೆ, ಪ್ರತಿ ವಾಕ್ಯದ ನಂತರ ಒಂದು ಕ್ಷಣ ಕಾದು ಮುಂದಿನದನ್ನು ಹೇಳುವವರು. ಹೋಟೆಲಿನ ಲಾಬಿಯಲ್ಲಿ ಜಯರಾಮ್ ಕೈ ಚಾಚಿದಾಗ ಅವರು ಬಾಗಿದರು, ಇವರು ಬಾಗಿದಾಗ ಅವರು ಕೈ ಚಾಚಿದರು. ಈ ಕಸರತ್ತು ಮೂರು ಸಲ ನಡೆಯಿತು. ಆಮೇಲೆ ಹಯಾಮಾ ವಾಸಣ್ಣನ ಕಡೆ ತಿರುಗಿ, "ಟೆಲೆಕ್ಸಿನ ವಾಸು ಸಾನ್?" ಎಂದು ಕೇಳಿ, ಜಯರಾಮ್‌ಗೆ ಬಾಗಿದ್ದಕ್ಕಿಂತ ಒಂದು ಗೇಣು ಕೆಳಗೆ ಬಾಗಿದರು. ಜಯರಾಮ್ ಅದನ್ನು ಅಳೆದದ್ದನ್ನು ನಾನು ನೋಡಿದೆ.

ಊಟಕ್ಕೆ ಕೆಂಡದಲ್ಲಿ ಸುಟ್ಟ ಮೀನು ಬಂತು. ಜಯರಾಮ್ ಚೀಲದಿಂದ ಉಪ್ಪಿನಕಾಯಿಯ ಬಾಟಲಿ ತೆಗೆದು, ಅಷ್ಟು ಅಂದವಾಗಿ ಜೋಡಿಸಿದ ಮೇಜಿನ ನಡುವೆ ಇಟ್ಟು, ಹಯಾಮಾ ಅವರ ಅನ್ನದ ಮೇಲೂ ಒಂದು ಹೋಳು ಹಾಕಿದರು. ಹಯಾಮಾ ಅದನ್ನು ತಿಂದು ತುಂಬ ಹೊತ್ತು ಕಿಟಕಿಯ ಆಚೆ ನೋಡುತ್ತಿದ್ದರು. ವಾಸಣ್ಣ ಮೀನನ್ನು ಮಗುಚಿ ನೋಡಿ ನನ್ನ ಕಿವಿಯ ಹತ್ತಿರ ಹೇಳಿದರು:

"ಇದು ನಮ್ಮ ಬಂಗುಡೆಯೇ ತಂಗಿ. ಪಾಪ, ಮಸಾಲೆ ಹಾಕಲಿಕ್ಕೆ ಮರೆತಿದ್ದಾರೆ."

ಕಾರ್ಖಾನೆಯಲ್ಲಿ ಕೆಲಸಗಾರರು ಯಂತ್ರ ನಿಲ್ಲಿಸಿ ವಾಸಣ್ಣನನ್ನು ನೋಡಲು ಬಂದರು. ಒಬ್ಬ ಫೋರ್‌ಮನ್ ಹಳೆಯ ಫೈಲು ತೆರೆದು ತೋರಿಸಿದ. ಹನ್ನೆರಡು ವರ್ಷಗಳ ಹಿಂದೆ ವಾಸಣ್ಣ ಕಳಿಸಿದ್ದ ಟೆಲೆಕ್ಸ್. ಮರಳು ನುಗ್ಗಿ ಸೀಲು ಹಾಳಾಗುತ್ತಿದೆ, ಹೀಗೆ ಮಾಡಿದರೆ ನಿಲ್ಲುತ್ತದೆ ಎಂದು ತಪ್ಪು ಇಂಗ್ಲಿಷಿನಲ್ಲಿ ಬರೆದದ್ದು. ಅವರು ಹಾಗೆಯೇ ಮಾಡಿದ್ದರು. ವಾಸಣ್ಣ ಅದನ್ನು ಓದಿ ಕಣ್ಣು ಕೆಳಗೆ ಹಾಕಿದರು.

ಜಯರಾಮ್ ನಿರ್ದೇಶಕರ ಜೊತೆ ಫೋಟೋ ತೆಗೆಸಿಕೊಳ್ಳಲು ಹೋಗಿದ್ದಾಗ ಹಯಾಮಾ ನಮ್ಮಿಬ್ಬರನ್ನು ಕೂರಿಸಿ ಒಂದು ವಿಷಯ ಹೇಳಿದರು. ವಾಸಣ್ಣನಿಗೆ ಇಂಗ್ಲಿಷ್ ಓದಲು ಬರುತ್ತದೆ, ಮಾತಿಗೆ ಧೈರ್ಯ ಸಾಲದು. ನಾನು ಕನ್ನಡದಲ್ಲಿ ತಿಳಿಸಿದೆ. ಅವರ ಕಾರ್ಖಾನೆ ಕುವೈತಿನ ಫಹಾಹೀಲ್‌ನಲ್ಲಿ ಸ್ವಂತ ದುರಸ್ತಿ ಕೇಂದ್ರ ತೆರೆಯಲಿದೆ, ಬೇರೊಬ್ಬ ಕುವೈತಿ ಪಾಲುದಾರನ ಜೊತೆ. ಅಲ್ಲಿಗೆ ಮುಖ್ಯಸ್ಥರಾಗಿ ವಾಸು ಸಾನ್ ಬೇಕು. ಆದರೆ ಈಗಿನ ಕಂಪನಿಯವರು ತಾವಾಗಿ ಬಿಟ್ಟುಕೊಟ್ಟರೆ ಮಾತ್ರ. ಇನ್ನೊಬ್ಬರ ಮನುಷ್ಯನನ್ನು ತಾವು ಕಿತ್ತುಕೊಳ್ಳುವುದಿಲ್ಲ. ಹೊರಡುವ ದಿನ ಬೆಳಿಗ್ಗೆ ಒಂಬತ್ತಕ್ಕೆ ಹೋಟೆಲಿಗೆ ಬರುತ್ತೇನೆ, ಆಗ ಉತ್ತರ ಹೇಳಿದರೆ ಸಾಕು. ಇಲ್ಲವೆಂದರೆ ಅದೇ ವಾರ ಬೇರೆಯವರನ್ನು ನೇಮಿಸಬೇಕಾಗುತ್ತದೆ.

ಇದು ಊರಿನವರಿಗೆ ವಿಚಿತ್ರವೆನಿಸಬಹುದು. ಕುವೈತಿನಲ್ಲಿ ಕೆಲಸ ಬದಲಿಸಬೇಕಾದರೆ ಕಫೀಲ್ ಬರಹದಲ್ಲಿ ಬಿಡುಗಡೆ ಕೊಡಬೇಕು. ರಿಲೀಸ್ ಎನ್ನುತ್ತಾರೆ. ಅದಿಲ್ಲದೆ ಇಕಾಮಾ, ಅಂದರೆ ಅಲ್ಲಿ ಇರುವ ಪರವಾನಗಿ, ಇನ್ನೊಬ್ಬರ ಹೆಸರಿಗೆ ಹೋಗುವುದಿಲ್ಲ. ಕೇಳಿದವರಿಗೆ ಜಯರಾಮ್ ರಿಲೀಸ್ ಕೊಟ್ಟದ್ದಿಲ್ಲ. ಬೇಡವಾದವರಿಗೆ ಮಾತ್ರ ಕೊಟ್ಟಿದ್ದರು.

"ಯೋಚನೆ ಮಾಡಿ ಹೇಳ್ತೇನೆ ಅಂತ ಹೇಳು," ಎಂದರು ವಾಸಣ್ಣ. ಅವರ ಕೈ ಮೇಜಿನ ಮೇಲೆ ಇಲ್ಲದ ಧೂಳನ್ನು ಒರೆಸುತ್ತಿತ್ತು.

ರೈಲಿನಲ್ಲಿ

ಮೂರನೆಯ ದಿನ, ಅಂದರೆ ಹೊರಡುವ ಮುನ್ನಾದಿನ, ಬೆಳಿಗ್ಗೆ ಹಯಾಮಾ ನಮ್ಮನ್ನು ಕ್ಯೋಟೋಗೆ ಕರೆದೊಯ್ದರು. ರೈಲಿನಲ್ಲಿ ಅವರೂ ವಾಸಣ್ಣನೂ ಮುಂದಿನ ಸಾಲಿನಲ್ಲಿ ಕೂತು, ಕಾಗದದ ಮೇಲೆ ಪಂಪಿನ ಚಿತ್ರ ಬರೆದು ಭಾಷೆಯ ಹಂಗಿಲ್ಲದೆ ವಾದಿಸುತ್ತಿದ್ದರು. ಜಯರಾಮ್ ನನ್ನ ಪಕ್ಕ ಕೂತು ಮಡಿಚಿದ ಹಾಳೆಯೊಂದನ್ನು ಕೊಟ್ಟರು. ಅವರದೇ ಕೈಬರಹ.

"ಇದನ್ನ ಫೇರ್ ಮಾಡಿ ರೆಡಿ ಇಟ್ಕೊಳಮ್ಮ. ಲ್ಯಾಂಡ್ ಆದ್ಮೇಲೆ ಕೊಡೋಣ. ಇಲ್ಲಿ ಸುಮ್ನೆ ಮೂಡ್ ಹಾಳು ಬೇಡ."

ವಾಸಣ್ಣನನ್ನು ಕೆಲಸದಿಂದ ತೆಗೆಯುವ ಪತ್ರ. ಆರು ಸಾಲು. ಸೇವೆಗೆ ಧನ್ಯವಾದ, ಕಚೇರಿಗೆ ಕಂಪ್ಯೂಟರ್ ಬರಲಿದೆ, ತಿಂಗಳ ಕೊನೆಯ ನಂತರ ಅವರ ಅಗತ್ಯವಿಲ್ಲ. ಕೊನೆಯಲ್ಲಿ, ಇಂಥ ಎಲ್ಲ ಪತ್ರಗಳಲ್ಲೂ ನಾನು ಟೈಪ್ ಮಾಡಿದ ವಾಕ್ಯ: ಅವರು ಬೇರೆಲ್ಲಿಯಾದರೂ ಕೆಲಸಕ್ಕೆ ಸೇರಿದರೆ ನಮ್ಮ ಆಕ್ಷೇಪವಿಲ್ಲ, ಬಿಡುಗಡೆ ಕೊಡಲಾಗಿದೆ.

"ಅವರ ಜಾಗಕ್ಕೆ ಯಾರು ಸರ್?"

"ನನ್ನ ಅಕ್ಕನ ಮಗ ಬಾಂಬೆಯಿಂದ ಬರ್ತಾನೆ. ಕಂಪ್ಯೂಟರ್ ಕೋರ್ಸ್ ಆಗಿದೆ." ಆಮೇಲೆ ದನಿ ಇಳಿಸಿದರು. "ಪಾಪ, ವಾಸೂನ ಹಾಗೇ ಕಳಿಸ್ಬಾರ್ದು ಅಂತ್ಲೇ ಈ ಟ್ರಿಪ್ಪು. ಫೇರ್‌ವೆಲ್ ಅಂತ ಇಟ್ಕೊ. ಇಲ್ಲಿ ಎಲ್ಲರಿಗೂ ಅವರ ಹೆಸರು ಪರಿಚಯ, ಅವರ ಜೊತೆ ಬಂದ್ರೆ ನಮಗೂ ಆಗತ್ತೆ."

"ರಿಲೀಸ್ ಕೊಡ್ತೀರಾ?"

"ಕೊಡೋಣ, ಅದಕ್ಕೇನು. ಈ ವಯಸ್ಸಲ್ಲಿ ಯಾರು ತಗೋತಾರೆ ಅವರನ್ನ."

ಅವರು ಕಣ್ಣು ಮುಚ್ಚಿ ನಿದ್ದೆ ಹೋದರು. ನಾನು ಹಾಳೆಯನ್ನು ಪರ್ಸಿನಲ್ಲಿ ಇಟ್ಟುಕೊಂಡೆ. ಟೈಪ್ ಮಾಡಿದ್ದನ್ನು ಮರೆತುಬಿಡುವುದು ನನ್ನ ಕೆಲಸದ ಭಾಗ. ಎರಡು ವರ್ಷ ಆ ಗಾಜಿನ ಕೋಣೆಯಿಂದ ನನ್ನ ಬಾಯಿಯ ಮೂಲಕ ಒಂದು ಮಾತೂ ಹೊರಗೆ ಹೋಗಿರಲಿಲ್ಲ. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು. ಮುಂದಿನ ಸಾಲಿನಲ್ಲಿ ವಾಸಣ್ಣ ಏನನ್ನೋ ಗೆದ್ದು ಪೆನ್ಸಿಲ್ ಕೆಳಗಿಟ್ಟರು.

ಕ್ಯೋಟೋ

ದೇವಸ್ಥಾನದ ಬಾಗಿಲಲ್ಲಿ ಕಲ್ಲಿನ ತೊಟ್ಟಿ, ಅದರ ಮೇಲೆ ಬಿದಿರಿನ ಸೌಟುಗಳು. ಬಂದವರು ಕೈ ತೊಳೆದು ಬಾಯಿ ಮುಕ್ಕಳಿಸಬೇಕು. ಹಯಾಮಾ ತೋರಿಸುವ ಮೊದಲೇ ಜಯರಾಮ್ ಬಲಗೈಯ ಗುಳಿಗೆ ನೀರು ಹುಯ್ದುಕೊಂಡು ತೀರ್ಥದಂತೆ ಮೂರು ಸಲ ಕುಡಿದು, ಕೈಯನ್ನು ತಲೆಗೆ ಒರೆಸಿಕೊಂಡರು. ಹಿಂದಿದ್ದ ಮುದುಕಿಯರು ಬೇರೆ ಕಡೆ ನೋಡಿದರು. ವಾಸಣ್ಣ ಒಳಗೆ ಹೋಗುವ ಮೊದಲು ಒಂದು ಸುತ್ತು ಬರೋಣವೆಂದು ಕಟ್ಟಡಕ್ಕೆ ಪ್ರದಕ್ಷಿಣೆ ಹೊರಟರು. ಹಿಂದುಗಡೆ ಪೊರಕೆ, ಬಕೆಟ್ಟು, ಒಣಗಲು ಹಾಕಿದ ಒರೆಸುವ ಬಟ್ಟೆ. ಹಯಾಮಾ ಯಾಕೆಂದು ಕೇಳದೆ ಅವರ ಹಿಂದೆಯೇ ಪೂರ್ತಿ ಸುತ್ತು ಬಂದರು. ವಾಸಣ್ಣ ಚರಂಡಿಯ ಪೈಪುಗಳನ್ನು ತಪಾಸಣೆ ಮಾಡುತ್ತಿದ್ದಾರೆಂದು ಹಯಾಮಾ ತಿಳಿದಿದ್ದರಂತೆ.

ಒಳಗೆ ನಡೆದರೆ ಹಲಗೆಗಳು ಹಕ್ಕಿಯಂತೆ ಕೀಚಲು ದನಿ ಮಾಡುತ್ತವೆ. ಶತ್ರು ಕದ್ದು ಬರಬಾರದೆಂದು ಹಾಗೆ ಮಾಡಿದ್ದಂತೆ. ಫರ್ವಾನಿಯಾದಲ್ಲಿ ನಮ್ಮ ಮನೆಯ ಬಾಗಿಲೂ ಇದೇ ರಾಗ ಹಾಡುತ್ತಿತ್ತು. ಅದನ್ನು ಕೇಳಲು ಯಾರೂ ಟಿಕೆಟ್ ಕೊಂಡಿಲ್ಲ.

ಕೋಲು ಹಿಡಿದ ಹೆಂಗಸು ಚಾವಣಿಯ ಕೆಳಗೆ ನಿಂತು ಕಥೆ ಹೇಳಿದಳು. ಅವಳದು ಜಪಾನಿ, ಹಯಾಮಾ ಅವರದು ಇಂಗ್ಲಿಷ್, ವಾಸಣ್ಣನಿಗಾಗಿ ನನ್ನದು ಕನ್ನಡ. ಮೂರು ಸಲ ಸೋಸಿದ ಮೇಲೆ ಉಳಿದದ್ದು ಇಷ್ಟು: ನಾನೂರು ವರ್ಷಗಳ ಹಿಂದೆ ಒಬ್ಬ ದೊರೆ ದೊಡ್ಡ ಯುದ್ಧಕ್ಕೆ ಹೊರಟ. ದಾರಿಯಲ್ಲಿದ್ದ ಕೋಟೆಯನ್ನು ಹಳೆಯ ಸೇವಕನಿಗೂ ಕೆಲವು ಸಮುರಾಯಿಗಳಿಗೂ ಒಪ್ಪಿಸಿದ. ಕೋಟೆ ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಶತ್ರುವನ್ನು ಕೆಲವು ದಿನ ತಡೆದರೆ ದೊರೆಗೆ ಬಿಡುವು ಸಿಗುತ್ತದೆ, ಅಷ್ಟೇ ಅವರ ಕೆಲಸ. ತಡೆದರು. ಕೋಟೆ ಬಿದ್ದಾಗ ಉಳಿದವರು ಸಭಾಮಂಟಪದ ನೆಲದ ಮೇಲೆ ತಮ್ಮ ಹೊಟ್ಟೆ ಸೀಳಿಕೊಂಡರು. ಬೇಸಿಗೆಯಿಡೀ ಹೆಣಗಳು ಅಲ್ಲೇ ಇದ್ದವು. ದೊರೆ ಗೆದ್ದ. ನೆಲದ ಹಲಗೆಗೆ ಇಳಿದ ರಕ್ತ ತೊಳೆದರೂ ಹೋಗದ್ದರಿಂದ, ಇನ್ನು ಯಾರೂ ಅದನ್ನು ತುಳಿಯಬಾರದೆಂದು ಹಲಗೆಗಳನ್ನು ಕಿತ್ತು ತಂದು ದೇವಸ್ಥಾನದ ಚಾವಣಿ ಮಾಡಿದರು.

ವಾಸಣ್ಣ ಟೋಪಿ ತೆಗೆದು ಚಾವಣಿಗೆ ಕೈಮುಗಿದರು.

"ಎಷ್ಟು ಮರ್ಯಾದೆ ನೋಡು ತಂಗಿ. ಯಾರ ಕಾಲೂ ತಾಗಬಾರದು ಅಂತ ಮೇಲೆ ಇಟ್ಟಿದ್ದಾರೆ."

"ಬದುಕಿದ್ದಾಗ ಅಲ್ಲಿ ಬಿಟ್ಟು ಹೋದದ್ದು ಯಾರು ವಾಸಣ್ಣ?"

"ನಿನ್ನದು ಯಾವಾಗಲೂ ಉಲ್ಟಾ."

ನನಗೆ ಅದು ಸತ್ತ ಮೇಲೆ ಸಿಕ್ಕ ಬಡ್ತಿಯಂತೆ ಕಂಡಿತು. ನಮ್ಮಲ್ಲಿ ವೀರಗಲ್ಲುಗಳಿವೆ; ಹೆಚ್ಚಿನವು ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುವ ಕಲ್ಲಾಗಿವೆ. ನಾವು ಕೃತಘ್ನರೆಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೆ ನಮ್ಮ ಕರಾವಳಿಯಲ್ಲಿ ಇನ್ನೊಂದು ರೂಢಿಯೂ ಇದೆ. ಯಜಮಾನನಿಗಾಗಿಯೋ ಯಜಮಾನನಿಂದಲೋ ಸತ್ತವನು ದೈವವಾಗಿ ವರ್ಷಕ್ಕೊಮ್ಮೆ ಅದೇ ಮನೆಯ ಅಂಗಳಕ್ಕೆ ಬರುತ್ತಾನೆ, ಅದೇ ಯಜಮಾನನ ವಂಶದವರನ್ನು ಎದುರು ನಿಲ್ಲಿಸಿ ಪ್ರಶ್ನೆ ಕೇಳುತ್ತಾನೆ. ಅವರು ತಲೆ ತಗ್ಗಿಸಿ ಉತ್ತರ ಕೊಡಬೇಕು. ಇಲ್ಲಿ ಸತ್ತವರು ನಾನೂರು ವರ್ಷಗಳಿಂದ ಮೇಲೆ ಅಂಟಿಕೊಂಡು ಸುಮ್ಮನಿದ್ದಾರೆ. ಯಾರಿಗೂ ತೊಂದರೆಯಿಲ್ಲ. ಬಿದಿರಿನ ಕೋಲು ಎಲ್ಲಿ ಮುಟ್ಟಿದರೂ ಅಲ್ಲಿ ಒಬ್ಬ ಸ್ವಾಮಿನಿಷ್ಠ.

ಜಯರಾಮ್ ವಾಸಣ್ಣನ ಹೆಗಲ ಮೇಲೆ ಕೈ ಹಾಕಿದರು.

"ನೋಡಿ ವಾಸು, ಲಾಯಲ್ಟಿ ಅಂದ್ರೆ ಇದು. ನಮ್ಮ ಜನಕ್ಕೆ ಇದು ಅರ್ಥವೇ ಆಗಲ್ಲ. ಎರಡು ಕಾಸು ಜಾಸ್ತಿ ಅಂದ್ರೆ ಹೊರಟ್ರು. ನಮ್ಮ ಕಂಪನೀಲಿ ಸಮುರಾಯ್ ಅಂತ ಒಬ್ಬ ಇದ್ರೆ ಅದು ನೀವೇ."

ನನ್ನ ಪರ್ಸು ಅವರ ಮೊಣಕೈಯಿಂದ ಒಂದು ಅಡಿ ದೂರದಲ್ಲಿತ್ತು. ಅವರ ಕಣ್ಣು ಒಮ್ಮೆಯೂ ಅದರ ಕಡೆ ಹೊರಳಲಿಲ್ಲ. ಅವರು ನಟಿಸುತ್ತಿರಲಿಲ್ಲ. ಹೇಳುವಾಗ ಅದನ್ನು ನಂಬಿಯೇ ಹೇಳಿದರು. ಅದು ನನಗೆ ಇನ್ನೂ ಅಸಹ್ಯವೆನಿಸಿತು. ವಾಸಣ್ಣನ ಕಣ್ಣು ತುಂಬಿತು. ನಾನು ಚಾವಣಿ ನೋಡುತ್ತ ನಿಂತೆ. ಮೇಲಿದ್ದವರಂತೆ ನಾನೂ ಬಾಯಿ ಬಿಡಲಿಲ್ಲ.

ಹೊರಗಿನ ಅಂಗಡಿಯಲ್ಲಿ ಜಯರಾಮ್ ಒಂದು ಪ್ಲಾಸ್ಟಿಕ್ ಕತ್ತಿ ಕೊಂಡು, ಅದನ್ನು ಎತ್ತಿ ಹಿಡಿದು ವಾಸಣ್ಣನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಮಂಡಿಯೂರುವಂತೆ ವಾಸಣ್ಣನಿಗೆ ಹೇಳಿದರು. ವಾಸಣ್ಣ ನಗುತ್ತ ಊರಿದರು. ಕ್ಯಾಮೆರಾ ಒತ್ತಿದವಳು ನಾನು.

ಚಹಾದ ಅಂಗಡಿ

ಮಧ್ಯಾಹ್ನ ಹಯಾಮಾ ಜಯರಾಮ್ ಅವರನ್ನು ಕ್ಯಾಮೆರಾದ ಅಂಗಡಿಗೆ ಕರೆದುಕೊಂಡು ಹೋದರು. ನಾವಿಬ್ಬರೂ ಒಂದು ಚಹಾದ ಅಂಗಡಿಯಲ್ಲಿ ಕಾದೆವು. ಹಸಿರು ಪುಡಿಯನ್ನು ಬಿಸಿನೀರಿನಲ್ಲಿ ನೊರೆ ಬರುವಂತೆ ಕಡೆದು ಬಟ್ಟಲಿನಲ್ಲಿ ತಂದಿಟ್ಟರು.

"ಕಷಾಯ," ಎಂದರು ವಾಸಣ್ಣ ಒಂದು ಗುಟುಕು ಕುಡಿದು. "ಜ್ವರ ಇಲ್ಲದವರಿಗೂ ಕೊಡ್ತಾರಾ?" ಆಮೇಲೆ ಬಟ್ಟಲನ್ನು ಸರಿಸಿ ಹೇಳಿದರು, "ತಂಗಿ, ಹಯಾಮಾ ಅವರಿಗೆ ಒಂದು ಕಾಗದ ಬರೆದು ಕೊಡ್ಬೇಕು ನೀನು. ಒಳ್ಳೆ ಇಂಗ್ಲಿಷಲ್ಲಿ. ಅವರ ಮನಸ್ಸಿಗೆ ಬೇಜಾರಾಗಬಾರದು."

"ಏನಂತ?"

"ಬರುವುದಿಲ್ಲ ಅಂತ. ನಾನು ರಿಲೀಸ್ ಕೇಳುವುದೇ ಇಲ್ಲ. ಇಪ್ಪತ್ತೆರಡು ವರ್ಷ ಅನ್ನ ಕೊಟ್ಟ ಜಾಗ. ನಿನ್ನೆವರೆಗೆ ಮನಸ್ಸು ಡೋಲಾಯಮಾನ ಇತ್ತು, ಸುಳ್ಳು ಯಾಕೆ ಹೇಳುವುದು. ಹೆಂಡತಿಯನ್ನು ಕರೆಸಿಕೊಳ್ಳಬಹುದಿತ್ತು, ಫಹಾಹೀಲಲ್ಲಿ ಮನೆ ಕೊಡ್ತಾರಂತೆ. ಆದರೆ ಇವತ್ತು ಅಲ್ಲಿ ನಿಂತಾಗ ನಾಚಿಕೆ ಆಯ್ತು ನನಗೆ. ಸಾಹೇಬರು ಹೇಳಿದ್ದು ಕೇಳಿದೆಯಲ್ಲ ನೀನು."

"ಕೇಳಿದೆ."

"ಮತ್ತೆ?"

ಆಗಲೇ ಹೇಳಿಬಿಡಬಹುದಿತ್ತು. ಹಾಳೆ ಪರ್ಸಿನಲ್ಲಿತ್ತು. ಆದರೆ ವಾಸಣ್ಣನನ್ನು ನಾನು ಬಲ್ಲೆ. ಬಾಯಿಮಾತಿನಲ್ಲಿ ಹೇಳಿದ್ದರೆ, ಕೈಬರಹದ ಕರಡು ತೋರಿಸಿದ್ದರೂ ಸಹ, ನೇರ ಜಯರಾಮ್ ಬಳಿ ಹೋಗಿ, ಇದು ನಿಜವಾ ಸಾಹೇಬರೇ ಎಂದು ಕೇಳುತ್ತಿದ್ದರು. ಮಾತಿನ ನಡುವೆ ಹಯಾಮಾ ಅವರ ವಿಷಯವೂ ಹೊರಬೀಳುತ್ತಿತ್ತು. ಜಯರಾಮ್ ನಕ್ಕು ಕರಡನ್ನು ಹರಿಯುತ್ತಿದ್ದರು. ಅಕ್ಕನ ಮಗ ಕೆಲಸ ಕಲಿಯುವವರೆಗೆ ಇವರನ್ನು ಇಟ್ಟುಕೊಂಡು, ಫಹಾಹೀಲಿನ ಜಾಗ ತುಂಬಿದ ಮೇಲೆ ಅದೇ ಆರು ಸಾಲುಗಳನ್ನು ಮತ್ತೆ ಬರೆದುಕೊಡುತ್ತಿದ್ದರು. ಬೇಕಾದದ್ದು ಮಾತಲ್ಲ, ಕೈಗೆ ಬಂದ ಪತ್ರ. ಸಹಿ, ಮೊಹರು, ತಾರೀಕು ಇರುವ ಪತ್ರ.

ನನ್ನ ಕೆಲಸ ಹೋಗುತ್ತದೆಂಬುದನ್ನೂ ಯೋಚಿಸಿದೆ. ನನ್ನ ಇಕಾಮಾ ಕೂಡ ಅದೇ ಕಫೀಲನ ಹೆಸರಿನಲ್ಲಿತ್ತು.

"ಬೆಳಿಗ್ಗೆ ಕೊಡ್ತೇನೆ ವಾಸಣ್ಣ," ಎಂದೆ.

"ಇವತ್ತೇ ಆಗುವುದಿಲ್ಲವಾ?"

"ತಪ್ಪಿಲ್ಲದೆ ಟೈಪ್ ಮಾಡಬೇಕಲ್ಲ."

ಮರುದಿನ ಬೆಳಿಗ್ಗೆ

ಒಸಾಕಾದ ಹೋಟೆಲಿನಲ್ಲಿ ಐದೂವರೆಗೆ ಎದ್ದು ಸ್ನಾನ ಮಾಡಿದೆ. ಕಚೇರಿಯ ಸಣ್ಣ ಟೈಪ್‌ರೈಟರ್ ಜೊತೆಗೆ ಬಂದಿತ್ತು, ಶನಿವಾರದ ಲೆಟರ್‌ಹೆಡ್‌ಗಳೂ. ಸದ್ದು ಪಕ್ಕದ ಕೋಣೆಗೆ ಕೇಳಬಾರದೆಂದು ಯಂತ್ರದ ಕೆಳಗೆ ಟವೆಲ್ ಮಡಿಚಿಟ್ಟು, ಜಯರಾಮ್ ಅವರ ಸಹಿಯ ಮೇಲೆ ಅವರ ಆರು ಸಾಲುಗಳನ್ನು ಟೈಪ್ ಮಾಡಿದೆ. ಒಂದು ಅಕ್ಷರ ಸೇರಿಸಲಿಲ್ಲ, ಒಂದನ್ನೂ ಬಿಡಲಿಲ್ಲ. ಕಾರ್ಬನ್ ಪ್ರತಿಯ ಜಾಗದಲ್ಲೂ ಸಹಿಯಿದ್ದ ಇನ್ನೊಂದು ಲೆಟರ್‌ಹೆಡ್ ಇಟ್ಟಿದ್ದೆ. ತಾರೀಕಿನ ಜಾಗದಲ್ಲಿ ಆ ದಿನದ ತಾರೀಕು ಹಾಕಿದೆ.

ಏಳಕ್ಕೆ ತಿಂಡಿಯ ಕೋಣೆಗೆ ಇಳಿದೆ. ವಾಸಣ್ಣ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಕೋಟು ಹಾಕಿಕೊಂಡು ಕಾದಿದ್ದರು.

"ಬರೆದೆಯಾ?"

ಎರಡೂ ಹಾಳೆಗಳನ್ನು ಮುಂದಿಟ್ಟೆ. ಅವರು ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಲು ಕೆಳಗಡೆ ಜಾಗ ಹುಡುಕಿದರು.

"ಓದಿ, ವಾಸಣ್ಣ."

"ನೀನು ಬರೆದದ್ದಲ್ಲವಾ, ಓದುವುದೆಂತಕೆ."

"ಓದದೆ ಸಹಿ ಹಾಕುವವರು ನಮ್ಮ ಕಚೇರಿಯಲ್ಲಿ ಒಬ್ಬರು ಸಾಕು."

ಅವರು ಕನ್ನಡಕ ಹಾಕಿಕೊಂಡರು. ಸಾಲಿನ ಕೆಳಗೆ ಬೆರಳಿಟ್ಟು ಓದುವುದು ಅವರ ಅಭ್ಯಾಸ. ಬೆರಳು ಮೂರನೆಯ ಸಾಲಿನಲ್ಲಿ ನಿಂತಿತು, ಮತ್ತೆ ಮೊದಲಿಗೆ ಹೋಯಿತು, ಕೊನೆಯವರೆಗೆ ಬಂತು. ಕೆಳಗಿನ ಸಹಿಯನ್ನು ತುಂಬ ಹೊತ್ತು ನೋಡಿದರು.

"ಇದನ್ನು ಯಾವಾಗ ಕೊಟ್ಟರು ನಿನಗೆ?"

"ನಿನ್ನೆ ರೈಲಿನಲ್ಲಿ. ಕುವೈತಿಗೆ ಇಳಿದ ಮೇಲೆ ಕೊಡಬೇಕು ಅಂದಿದ್ದರು. ನಾನು ಇವತ್ತು ಕೊಟ್ಟೆ."

"ದೇವಸ್ಥಾನಕ್ಕೆ ಹೋಗುವ ಮೊದಲಾ?"

"ಮೊದಲು."

ಅವರು ಕನ್ನಡಕ ತೆಗೆದು ಪತ್ರದ ಮೇಲಿಟ್ಟರು. ಬಟ್ಟಲಿನ ಚಹಾ ತಣ್ಣಗಾಯಿತು. ನಾನು ಹೇಳಬೇಕಾದದ್ದನ್ನು ಹೇಳಿದೆ: ಕೊನೆಯ ಸಾಲು ನಿಮ್ಮ ರಿಲೀಸ್. ನೀವು ಕೇಳಿ ಪಡೆದದ್ದಲ್ಲ, ಅವರೇ ಕೊಟ್ಟದ್ದು. ಹಯಾಮಾ ಅವರಿಗೆ ಬೇಕಾಗಿದ್ದದ್ದೂ ಅದೇ. ಎರಡನೆ ಪ್ರತಿಯ ಮೇಲೆ, ಪತ್ರ ತಲುಪಿದೆ ಎಂದು ಬರೆದು ಸಹಿ ಹಾಕಿದರೆ ಇದನ್ನು ಇನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ.

"ನಿನ್ನ ಕೆಲಸ?"

"ಅದು ನನ್ನ ವಿಷಯ."

"ನಿನ್ನ ಅಣ್ಣನಿಗೆ ನಾನು ಎಂತ ಹೇಳಲಿ?"

"ಕರೆದುಕೊಂಡು ಬಂದು ಬಿಟ್ಟೆ ಅಂತ ಹೇಳಿ. ಅಷ್ಟೇ ಅಲ್ಲವಾ ನೀವು ಒಪ್ಪಿದ್ದು."

ಅವರು ಸಹಿ ಹಾಕಿದರು. ತಮ್ಮ ಪ್ರತಿಯನ್ನು ನಾಲ್ಕಾಗಿ ಮಡಿಚಿ ಕೋಟಿನ ಒಳಜೇಬಿಗೆ ಹಾಕಿಕೊಂಡು, ಕೈಯನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡರು.

ಎಂಟೂವರೆಗೆ ಜಯರಾಮ್ ಬಂದು ಮೊಟ್ಟೆ ತರಿಸಿಕೊಂಡರು. ಪ್ರತಿದಿನದಂತೆ ಬೆಳಗಿನ ಫೋಲ್ಡರ್ ಅವರ ತಟ್ಟೆಯ ಪಕ್ಕದಲ್ಲಿಟ್ಟೆ. ಅವರು ತಿನ್ನುತ್ತ ತೆರೆದರು. ಎರಡನೆ ಪ್ರತಿ ಮೇಲಿತ್ತು.

"ಏನಮ್ಮ ಇದು?"

"ನೀವು ಹೇಳಿದ ಪತ್ರ ಸರ್. ತಲುಪಿಸಿ ಸಹಿ ತಗೊಂಡಿದ್ದೇನೆ."

"ಇಲ್ಲಿ ಕೊಡು ಅಂದ್ನಾ ನಾನು? ಲ್ಯಾಂಡ್ ಆದ್ಮೇಲೆ ಅಂದೆ." ಅವರು ಪಕ್ಕದ ಮೇಜಿನತ್ತ ನೋಡಿ ದನಿ ತಗ್ಗಿಸಿದರು. "ವಾಸು ಏನಂದ?"

"ಏನೂ ಅನ್ನಲಿಲ್ಲ."

"ಅಳ್ತಿದ್ದಾನಾ?"

"ಇಲ್ಲ ಸರ್. ಲಾಬಿಯಲ್ಲಿದ್ದಾರೆ."

ಅವರು ಅರ್ಧ ಮೊಟ್ಟೆ ಬಿಟ್ಟು ಎದ್ದರು. ಲಾಬಿಯಲ್ಲಿ ಹಯಾಮಾ ಆಗಲೇ ಬಂದಿದ್ದರು. ಒಂಬತ್ತಕ್ಕೆಂದರೆ ಹತ್ತು ನಿಮಿಷ ಮೊದಲೇ ಬರುವ ಜನ. ವಾಸಣ್ಣ ಮಡಿಚಿದ ಪತ್ರವನ್ನು ಬಿಡಿಸಿ ಎರಡೂ ಕೈಗಳಿಂದ ಅವರಿಗೆ ಕೊಡುತ್ತಿದ್ದರು. ಹಯಾಮಾ ಓದಿ, ಜಯರಾಮ್ ಕಡೆ ತಿರುಗಿ ಬಾಗಿ, ಇಂಗ್ಲಿಷಿನಲ್ಲಿ ಒಂದೊಂದೇ ವಾಕ್ಯ ಕೇಳಿದರು. ಈ ಸಹಿ ತಮ್ಮದೇ? ವಾಸು ಸಾನ್‌ಗೆ ನಿಜವಾಗಿಯೂ ಬಿಡುಗಡೆ ಕೊಟ್ಟಿದ್ದೀರಾ? ಹಾಗಿದ್ದರೆ ಫಹಾಹೀಲಿನ ನಮ್ಮ ಕೇಂದ್ರಕ್ಕೆ ಅವರನ್ನು ಕೇಳಲು ತಮ್ಮ ಆಕ್ಷೇಪವಿಲ್ಲವಲ್ಲ?

ಜಯರಾಮ್ ನನ್ನನ್ನು ನೋಡಿದರು. ಅವರಿಗೆ ಆಗ ಅರ್ಥವಾಯಿತು. ಓದದೆ ಸಹಿ ಹಾಕಿದ್ದೆನೆಂದು ತಮ್ಮ ದೊಡ್ಡ ಪೂರೈಕೆದಾರರ ಎದುರು ಹೇಳುವಂತಿರಲಿಲ್ಲ. ಬರೆದದ್ದು ಸುಳ್ಳೆಂದೂ ಹೇಳುವಂತಿರಲಿಲ್ಲ.

"ಯೆಸ್, ಯೆಸ್. ನೋ ಅಬ್ಜೆಕ್ಷನ್," ಎಂದು ಅವರೂ ಬಾಗಿದರು. ಈ ಸಲ ಸರಿಯಾಗಿಯೇ ಬಾಗಿದರು.

ಹಯಾಮಾ ಉತ್ತರಕ್ಕಾಗಿ ವಾಸಣ್ಣನ ಕಡೆ ತಿರುಗಿ ಕಾದರು. ವಾಸಣ್ಣ ಜಯರಾಮ್ ಅವರನ್ನು ನೋಡಲಿಲ್ಲ.

"ಹೇಳು ತಂಗಿ," ಎಂದರು. "ನನಗೆ ಪಂಪು ಒಂದು ಗೊತ್ತು, ಬೇರೆ ಎಂತದೂ ಗೊತ್ತಿಲ್ಲ. ಕಂಪ್ಯೂಟರು ಬರುವುದಿಲ್ಲ. ನನ್ನನ್ನು ಸಮುರಾಯ್ ಗಿಮುರಾಯ್ ಅಂತ ಯಾರೂ ಕರೆಯುವುದು ಬೇಡ. ಹೆಂಡತಿಗೆ ವೀಸಾ ಮಾಡಿ ಕೊಟ್ಟರೆ ಬರ್ತೇನೆ."

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ, ಇದ್ದ ಹಾಗೆಯೇ, ಒಂದೊಂದು ವಾಕ್ಯವಾಗಿ ಹಯಾಮಾ ಅವರಿಗೆ ಹೇಳಿದೆ. ಪಂಪು ಗೊತ್ತಿದ್ದರೆ ಸಾಕು, ವೀಸಾ ಮಾಡಿಸುತ್ತೇವೆ ಎಂದು ಅವರು ಉತ್ತರಿಸಿದರು. ಅದನ್ನು ಕನ್ನಡಕ್ಕೆ ತಿರುಗಿಸಿ ವಾಸಣ್ಣನಿಗೆ ಹೇಳಿದೆ. ಆಮೇಲೆ ಪೆಟ್ಟಿಗೆ ಕಟ್ಟಿಕೊಳ್ಳಲು ಮೇಲೆ ಹೋದೆ.